ಆರು ತಂತಿ, ಹದಿನೈದು ನಿಮಿಷ

ಯಾವ ಹಾಸ್ಟೆಲಿಗಾದರೂ ಹೋಗಿ ನೋಡಿ, ಬೀರುವಿನ ಮೇಲೆ ದೂಳು ಹಿಡಿದ ಒಂದು ಗಿಟಾರ್ ಇದ್ದೇ ಇರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಹುಮ್ಮಸ್ಸಿನಿಂದ ಕೊಂಡದ್ದು, ಎರಡನೆಯದರ ಹೊತ್ತಿಗೆ ಮೂಲೆ ಸೇರಿದ್ದು. ಯಾಕೆ ಬಿಟ್ಟೆ ಎಂದು ಕೇಳಿದರೆ ಉತ್ತರ ಒಂದೇ: ‘ನಮ್ಗೆಲ್ಲ ಸಂಗೀತ ಒಲಿಯಲ್ಲ ಬಿಡಪ್ಪಾ’. ಅಕೂಸ್ಟಿಕ್ ಗಿಟಾರ್ ಕೈಗೆತ್ತಿಕೊಂಡು ಎಂಟು ತಿಂಗಳಾದ ಮೇಲೆ ನನಗೆ ಅನ್ನಿಸುವುದಿಷ್ಟು: ಇವರಲ್ಲಿ ಹೆಚ್ಚಿನವರು ಸಂಗೀತದ ಬಾಗಿಲಿನವರೆಗೂ ಹೋಗಿಲ್ಲ. ಅದಕ್ಕೂ ಮುಂಚೆಯೇ ಮೂರು ಸಣ್ಣ ತೊಡಕುಗಳು ಅವರನ್ನು ವಾಪಸ್ ಕಳಿಸಿವೆ.

ಮೊದಲನೆಯದು ಬೆರಳಿನ ನೋವು. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ತೂಕದಷ್ಟು. ಅದನ್ನು ಒತ್ತಿದರೆ ಎಡಗೈ ಬೆರಳ ತುದಿ ಉರಿಯದೆ ಇರುತ್ತದೆಯೇ? ಎರಡು ಮೂರು ವಾರಗಳಲ್ಲಿ ಚರ್ಮ ದಪ್ಪಗಾಗಿ ನೋವು ಇಳಿಯುತ್ತದೆ. ಅಲ್ಲಿಯವರೆಗೆ ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಮೂರು ತಾಸು ಕೂತು ಉಳಿದ ಆರು ದಿನ ಮುಟ್ಟದಿದ್ದರೆ ಚರ್ಮವೂ ಗಟ್ಟಿಯಾಗುವುದಿಲ್ಲ, ಕೈಯೂ ಪಳಗುವುದಿಲ್ಲ. ಬೆರಳನ್ನು ಫ್ರೆಟ್ ಪಟ್ಟಿಯ ಮೇಲೆಯೇ ಇಡದೆ, ಅದರ ಹಿಂದೆ ಒತ್ತಿಕೊಂಡಂತೆ ಇಟ್ಟರೆ ಅರ್ಧ ಬಲಕ್ಕೇ ಸ್ವರ ಹೊರಡುತ್ತದೆ. ಕೊಳ್ಳುವಾಗ 12ನೇ ಫ್ರೆಟ್ಟಿನ ಬಳಿ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಸುಮಾರು 2ರಿಂದ 3 ಮಿ.ಮೀ. ಇದ್ದರೆ ಒಳ್ಳೆಯದು. ಅದಕ್ಕಿಂತ ತೀರಾ ಮೇಲಿದ್ದರೆ ತಂತಿಯನ್ನು ತಗ್ಗಿಸಿಕೊಡಲು ಅಂಗಡಿಯವರಿಗೇ ಹೇಳಬಹುದು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬಿದರೂ ತಂತಿ ಮೇಲೇರುತ್ತದೆ. ಮಲೆನಾಡು, ಕರಾವಳಿಯ ಗೆಳೆಯರು ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ ಚೀಲದಲ್ಲೇ ಇಡುವುದು ಲೇಸು, ತುಕ್ಕೂ ಹಿಡಿಯುವುದಿಲ್ಲ.

ಎರಡನೆಯದು ಶ್ರುತಿ. ಶ್ರುತಿ ತಪ್ಪಿದ ಗಿಟಾರಿನಲ್ಲಿ ಸರಿಯಾಗಿ ನುಡಿಸಿದ್ದೂ ತಪ್ಪಾಗಿಯೇ ಕೇಳುತ್ತದೆ. ಕಲಿಯುವವನು ದೋಷವನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತಾನೆ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಕ್ರಮ ಹೀಗಿದೆ: ಇ, ಎ, ಡಿ, ಜಿ, ಬಿ, ಇ. ದಪ್ಪ ‘ಇ’ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ ತೆಳು ‘ಇ’ ಸುಮಾರು 330 ಬಾರಿ, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಮೊಬೈಲಿನಲ್ಲಿ ಉಚಿತ ಟ್ಯೂನರ್ ಆ್ಯಪ್‌ಗಳಿವೆ. ಪ್ರತಿದಿನ ಶುರುಮಾಡುವ ಮುನ್ನ ಎರಡು ನಿಮಿಷ ಅದಕ್ಕೆ ಕೊಡಿ.

ಮೂರನೆಯದೇ ದೊಡ್ಡದು: ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ದಾಟುವುದು. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸತೇನಲ್ಲ. ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದರೆ ಮೇಜರ್ ಕಾರ್ಡ್. ಗಾಂಧಾರವನ್ನು ಸಾಧಾರಣಕ್ಕೆ ಇಳಿಸಿದರೆ ಮೈನರ್. ಒಂದೇ ಸ್ವರದ ವ್ಯತ್ಯಾಸಕ್ಕೆ ಹಾಡಿನ ಮುಖವೇ ಬಾಡುತ್ತದೆ. ಹೊಸಬರು ಹತ್ತು ಕಾರ್ಡ್‌ಗಳ ಚಿತ್ರ ಬಾಯಿಪಾಠ ಮಾಡುತ್ತಾರೆ, ಆದರೆ ಹಾಡಿನ ಮಧ್ಯೆ ಒಂದರಿಂದ ಇನ್ನೊಂದಕ್ಕೆ ಹೋಗಲಾಗದೆ ನಿಲ್ಲುತ್ತಾರೆ. ಅದರ ಬದಲು ಎರಡನ್ನೇ ಹಿಡಿಯಿರಿ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗುವಾಗ ತೋರುಬೆರಳು, ನಡುಬೆರಳು ಕದಲಬೇಕಿಲ್ಲ. ಉಂಗುರ ಬೆರಳೊಂದೇ ಮೂರನೆಯ ತಂತಿಯಿಂದ ಐದನೆಯ ತಂತಿಗೆ ಜಿಗಿದರೆ ಆಯಿತು. ಗಡಿಯಾರ ಇಟ್ಟುಕೊಂಡು ನಿಮಿಷಕ್ಕೆ ಎಷ್ಟು ಸಲ ದಾಟಿದಿರಿ ಎಂದು ಎಣಿಸಿ. ಮೊದಲ ವಾರ ನನ್ನದು ಒಂಬತ್ತು, ಆರನೆಯ ವಾರಕ್ಕೆ ನಲವತ್ತು. ಆಮೇಲೆ ಇ ಮೈನರ್, ಜಿ, ಡಿ ಸೇರಿಸಿಕೊಂಡರೆ ನಾಲ್ಕಾರು ಕಾರ್ಡ್‌ಗಳಲ್ಲೇ ಎಷ್ಟೋ ಚಿತ್ರಗೀತೆ, ಭಾವಗೀತೆಗಳಿಗೆ ಜೊತೆ ನುಡಿಸಬಹುದು. ಹಾಡುವವರ ಶ್ರುತಿ ಬೇರೆಯಾದರೆ ಕ್ಯಾಪೊ ಎಂಬ ಪುಟ್ಟ ಕ್ಲಿಪ್ ಇದೆ. ಅದನ್ನು ಮೇಲಿನ ಫ್ರೆಟ್ಟಿಗೆ ಸಿಕ್ಕಿಸಿ ಅದೇ ಕಾರ್ಡ್ ಹಿಡಿದರಾಯಿತು.

ಬಿ.ಇ. ಓದುವವನ ಚಪಲವೊಂದನ್ನು ಹೇಳದಿದ್ದರೆ ಹೇಗೆ? ಫ್ರೆಟ್‌ಗಳು ಮೇಲೆ ಹೋದಂತೆ ಯಾಕೆ ಹತ್ತಿರವಾಗುತ್ತವೆ ಗೊತ್ತೇ? ಪ್ರತಿ ಫ್ರೆಟ್ಟಿಗೂ ಕಂಪನ ಸುಮಾರು ಶೇ 5.9ರಷ್ಟು ಏರುತ್ತದೆ. ಹನ್ನೆರಡು ಫ್ರೆಟ್ ದಾಟುವಷ್ಟರಲ್ಲಿ ಅದು ಎರಡು ಪಟ್ಟಾಗಿ ತಾರಷಡ್ಜ ಸಿಗುತ್ತದೆ, ತಂತಿ ಸರಿ ಅರ್ಧವಾಗಿರುತ್ತದೆ. ಹೈಸ್ಕೂಲಿನ ಚಕ್ರಬಡ್ಡಿಯ ಲೆಕ್ಕವೇ ಇದು. ಕಲಿಕೆಯೂ ಹಾಗೆಯೇ ಎಂದು ಉಪದೇಶ ಮಾಡುವ ಆಸೆಯಾಗುತ್ತದೆ, ಆದರೆ ಕೈ ಅಷ್ಟು ಲೆಕ್ಕಾಚಾರವಾಗಿ ನಡೆಯುವುದಿಲ್ಲ. ಮೂರು ವಾರ ಇದ್ದಲ್ಲೇ ಇದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಂದುಬಿಡುತ್ತದೆ.

‘ಮುಂದಿನ ಸೆಮಿಸ್ಟರ್ ಕಂಪನಿಗಳು ಬರ್ತವೆ, ಈಗ ಇದೆಲ್ಲ ಬೇಕಿತ್ತಾ ಮಗಾ?’ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಗಿಟಾರ್ ನುಡಿಸಿದರೆ ಆಫರ್ ಲೆಟರ್ ಬರುವುದಿಲ್ಲ. ಆದರೆ ಕಳೆದ ವರ್ಷ ಓದು ಮುಗಿಸಿ ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿರುವ ಸೀನಿಯರ್ ಒಬ್ಬರು ಸಂಜೆ ನಮ್ಮ ರೂಮಿಗೆ ಬರುತ್ತಾರೆ. ಇಂಟರ್‌ವ್ಯೂ ಕೊಟ್ಟು, ಮೇಲ್‌ಗಾಗಿ ಕಾದು, ಬಾರದೆ ಬೇಸತ್ತವರು. ಸುಮ್ಮನೆ ಗಿಟಾರ್ ಎತ್ತಿಕೊಂಡು ಇ ಮೈನರ್, ಜಿ ಎಂದು ದಾಟುತ್ತ ಕೂರುತ್ತಾರೆ. ಒಂದು ದಿನ, ‘ನೋಡೋ, ಹೋದ ವಾರ ಬಾರದ್ದು ಈ ವಾರ ಬಂತು. ಇಲ್ಲಾದ್ರೂ ಮುಂದೆ ಹೋಗ್ತಿರೋದು ಕಾಣುತ್ತೆ’ ಎಂದರು. ಎಸ್ಸೆಸ್ಸೆಲ್ಸಿಯಿಂದ ಈಚೆಗೆ ನಾವು ಕಲಿತದ್ದಕ್ಕೆಲ್ಲ ಯಾರೋ ಅಂಕ ಹಾಕಿದ್ದಾರೆ, ರ್‍ಯಾಂಕ್ ಕೊಟ್ಟಿದ್ದಾರೆ, ಕಟ್ ಆಫ್ ಇಟ್ಟಿದ್ದಾರೆ. ಇದಕ್ಕೆ ಅದ್ಯಾವುದೂ ಇಲ್ಲ. ನಿನ್ನೆ ಮೂವತ್ತೊಂದು, ಇವತ್ತು ಮೂವತ್ಮೂರು, ಅಷ್ಟೇ.

ಗಿಟಾರ್ ಇಲ್ಲದವರು ಹೊಸತು ಕೊಳ್ಳುವ ಮೊದಲು ಪರಿಚಯದವರ ಬೀರುವಿನ ಮೇಲೊಮ್ಮೆ ಕಣ್ಣು ಹಾಯಿಸಿ. ಹೊಸ ತಂತಿ ಹಾಕಿಸಿದರೆ ಹಳೆಯದಕ್ಕೂ ದನಿ ಬರುತ್ತದೆ. ಅಂದಹಾಗೆ, ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿ ಒತ್ತಬೇಕಾದ ಎಫ್ ಕಾರ್ಡ್ ನನಗಿನ್ನೂ ಬಂದಿಲ್ಲ. ಎರಡನೆಯ ತಂತಿ ಕೊಸರುತ್ತಲೇ ಇದೆ. ಸದ್ಯಕ್ಕೆ ನಿಮಿಷಕ್ಕೆ ಹನ್ನೊಂದು.