ಗುಡ್ಡಗಾಡು ಓಟದ ನಾಲ್ಕನೆಯವರು

ಓಟದ ಸ್ಪರ್ಧೆ ಎಂದೊಡನೆ ಸುಣ್ಣದ ಗೆರೆ ಎಳೆದ ಮೈದಾನ, ಎಲ್ಲರಿಗಿಂತ ಮೊದಲು ಎದೆಯಿಂದ ನೂಲು ಹರಿಯುವ ಒಬ್ಬ ಓಟಗಾರ ನಮ್ಮ ಕಣ್ಣಿಗೆ ಕಟ್ಟುವುದುಂಟು. ನಾನು ಹೇಳಹೊರಟಿರುವ ಓಟಕ್ಕೆ ಗೆರೆಯೂ ಇಲ್ಲ, ಮೈದಾನವೂ ಇಲ್ಲ. ಅದರ ಗೆಲುವು ಒಬ್ಬನದೂ ಅಲ್ಲ. ಕ್ರಾಸ್ ಕಂಟ್ರಿ ಎಂಬ ಈ ಸ್ಪರ್ಧೆಗೆ ಕನ್ನಡದಲ್ಲಿ ಗುಡ್ಡಗಾಡು ಓಟವೆಂಬ ಹೆಸರು ನಿಂತಿದೆ. ಎಷ್ಟೋ ಕಡೆ ಈ ಹೆಸರು ಬರಿಯ ಅಲಂಕಾರ. ಗುಡ್ಡದ ಸುಳಿವೇ ಇಲ್ಲದ ರಸ್ತೆಯಲ್ಲಿ ಓಡಿಸಿ ಕಳಿಸುತ್ತಾರೆ. ಮೂಡಿಗೆರೆ, ಕಳಸಗಳ ಕಡೆ ಮಾತ್ರ ಹೆಸರೂ ಕಾಲೂ ಒಂದೇ ಮಾತನ್ನಾಡುತ್ತವೆ.

ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಬಹುಕಾಲ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದೆ. ಕಳಸ ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದಿತು. ಈಗ ಅದೇ ಒಂದು ತಾಲ್ಲೂಕು. ನಮ್ಮ ಅಭ್ಯಾಸದ ದಾರಿ ಶಾಲೆಯ ಹಿಂದಿನ ಗದ್ದೆಯ ಬದುವಿನಲ್ಲಿ ಹೊರಟು, ಹಳ್ಳದ ಸಂಕ ದಾಟಿ, ಕಾಫಿ ತೋಟದ ಏರು ಹತ್ತಿ, ಲೈನು ಮನೆಗಳ ಮುಂದೆ ಹಾದು ಹಿಂದಿರುಗುತ್ತಿತ್ತು. ಬದುವಿನ ಮೇಲೆ ಇಬ್ಬರು ಜೊತೆಯಾಗಿ ಓಡುವಂತಿಲ್ಲ. ಸಂಕ ಮಳೆಯಲ್ಲಿ ಪಾಚಿ ಕಟ್ಟಿರುತ್ತದೆ. ತೋಟದೊಳಗೆ ಸಿಲ್ವರ್ ಓಕಿನ ತರಗೆಲೆ ಕಾಲಡಿಯ ಕಲ್ಲನ್ನೂ ಬೇರನ್ನೂ ಮುಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಓಟ ಮುಗಿದ ಕೂಡಲೇ ಮಕ್ಕಳು ಮಾಡುತ್ತಿದ್ದ ಮೊದಲ ಕೆಲಸ ನೀರು ಕುಡಿಯುವುದಲ್ಲ, ಬೆರಳ ಸಂದಿಯ ಇಂಬಳ ಕೀಳುವುದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಈ ಕಾಡಿನ ಪರಿಚಯವಿರುತ್ತದೆ. ಅಲ್ಲಿ ಓಡುವ ಪರಿಚಯ ಬೇರೆ.

ಬೆಟ್ಟದ ಗಾಳಿಯೇ ಈ ಮಕ್ಕಳಿಗೆ ದಮ್ಮು ಕೊಡುತ್ತದೆ ಎಂದು ಹೊರಗಿನಿಂದ ಬಂದವರು ಹೇಳುವುದುಂಟು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎತ್ತರದ ವಾಸದಿಂದ ರಕ್ತದ ಕೆಂಪು ಕಣ ಗಣನೀಯವಾಗಿ ಹೆಚ್ಚಬೇಕಾದರೆ ಎರಡು ಸಾವಿರ ಮೀಟರಿನ ಆಸುಪಾಸಾದರೂ ಬೇಕು. ಕೀನ್ಯಾದ ಓಟಗಾರರ ಊರುಗಳು ಅಂಥವು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯೇ ಸುಮಾರು 1,930 ಮೀಟರು, ಮೂಡಿಗೆರೆ ಅದರ ಅರ್ಧದಷ್ಟು. ನಮ್ಮ ಮಕ್ಕಳಿಗೆ ಬಲ ಬಂದದ್ದು ಗಾಳಿಯಿಂದಲ್ಲ, ನೆಲದಿಂದ. ದಿನವೂ ಶಾಲೆಗೆ ನಡೆದು ಬಂದು ನಡೆದು ಹೋಗುವವರು ಅವರು. ಏರಿನಲ್ಲಿ ಹೆಜ್ಜೆ ಮೊಟಕುಮಾಡಬೇಕೆಂದು ನಾನು ಕಲಿಸಬೇಕಾಗಿರಲಿಲ್ಲ. ಕಲಿಸಬೇಕಾಗಿದ್ದುದು ಇಳಿಯುವುದನ್ನು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಮರುದಿನದ ನೋವು ಬಹುಮಟ್ಟಿಗೆ ಇಳಿದದ್ದರ ಫಲ, ಏರಿದ್ದರದಲ್ಲ.

ಇನ್ನು ಗೆಲುವಿನ ಲೆಕ್ಕ. ಇದನ್ನು ತಿಳಿಯದೆ ಈ ಓಟವನ್ನು ನೋಡುವುದು ರಾಗ ತಿಳಿಯದೆ ಕಚೇರಿ ಕೇಳಿದಂತೆ. ಒಂದು ತಂಡದಿಂದ ಆರು ಮಂದಿ ಓಡುತ್ತಾರೆ. ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆಯಾದ ತಂಡಕ್ಕೆ ಗೆಲುವು. ಒಂದು ಶಾಲೆಯವರು 1, 3, 9 ಮತ್ತು 41ನೆಯವರಾಗಿ ಬಂದರೆನ್ನಿ, ಮೊತ್ತ 54. ಇನ್ನೊಂದು ಶಾಲೆಯವರು 8, 10, 12, 14, ಮೊತ್ತ 44. ಮೊದಲ ಮೂವರೊಳಗೆ ಇಬ್ಬರಿದ್ದ ಶಾಲೆ ಸೋತಿತು, ಒಬ್ಬರೂ ಇಲ್ಲದ ಶಾಲೆ ಗೆದ್ದಿತು! ಐದನೆಯವರು, ಆರನೆಯವರು ಲೆಕ್ಕಕ್ಕಿಲ್ಲದಿದ್ದರೂ ದಂಡವಲ್ಲ. ಎದುರಾಳಿಯ ನಾಲ್ಕನೆಯವನಿಗಿಂತ ಮುಂದೆ ಬಂದರೆ ಅವನ ಅಂಕಿಯನ್ನು ಒಂದೊಂದು ಏರಿಸುತ್ತಾರೆ. ಎರಡು ತಂಡಗಳ ಮೊತ್ತ ಸಮವಾದರೆ, ಯಾರ ಕೊನೆಯ ಎಣಿಕೆಯ ಓಟಗಾರ ಮುಂದೆ ಬಂದಿದ್ದಾನೋ ಆ ತಂಡಕ್ಕೆ ಗೆಲುವು.

ಮಲೆನಾಡಿನಲ್ಲಿ ಕೆಸರುಗದ್ದೆ ಓಟವಿದೆ, ಕೊಡಗಿನಲ್ಲಿ ನಾಟಿ ಓಟವಿದೆ. ತಂಡದ ಈ ಲೆಕ್ಕ ಮಾತ್ರ ಹೊರಗಿನಿಂದ ಬಂದದ್ದು. ಗುಡ್ಡಗಾಡು ಓಟದ ಮೂಲ ಇಂಗ್ಲೆಂಡಿನ ಶಾಲೆಗಳ ಆಟ: ಮೊಲವಾದವನು ಕಾಗದದ ಚೂರು ಚೆಲ್ಲುತ್ತ ಓಡುವುದು, ಬೇಟೆನಾಯಿಗಳಾದ ಉಳಿದವರು ಜಾಡು ಹಿಡಿಯುವುದು. 1857ರ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯಲ್ಲಿ ಅದರ ವರ್ಣನೆ ಬರುತ್ತದೆ. ಒಲಿಂಪಿಕ್ಸಿನಲ್ಲಿ 1912, 1920, 1924ರಲ್ಲಿ ಈ ಓಟವಿತ್ತು. 1924ರಲ್ಲಿ ಪ್ಯಾರಿಸಿನ ಸುಡುಬಿಸಿಲಿನಲ್ಲಿ ಹೊರಟ 38 ಮಂದಿಯಲ್ಲಿ ಮುಗಿಸಿದವರು 15 ಮಂದಿ. ಮೊದಲು ಬಂದವನು ಫಿನ್ಲೆಂಡಿನ ಪಾವೊ ನೂರ್ಮಿ. ಅವನ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಂದು ತಂಡಕ್ಕೆ ಮೂವರ ಲೆಕ್ಕ ಬೇಕಾಗಿತ್ತು. 12ನೆಯವನಾಗಿ ಬಳಲಿ ಬಂದ ಹೈಕ್ಕಿ ಲೀಮಟೈನೆನ್ ಗುರಿ ಮುಟ್ಟದಿದ್ದರೆ ಫಿನ್ಲೆಂಡಿಗೆ ತಂಡದ ಚಿನ್ನ ಇರಲಿಲ್ಲ. ಆ ವರ್ಷದ ನಂತರ ಒಲಿಂಪಿಕ್ಸಿನಿಂದ ಈ ಸ್ಪರ್ಧೆಯನ್ನೇ ಕೈಬಿಟ್ಟರು.

ಸಾಹಿತ್ಯದಲ್ಲಿ ಈ ಓಟಗಾರ ಒಂಟಿ. 1959ರಲ್ಲಿ ಪ್ರಕಟವಾದ ಅಲನ್ ಸಿಲಿಟೋನ ಪ್ರಸಿದ್ಧ ಕಥೆಯ ಹೆಸರಿನಲ್ಲಿಯೇ ಆ ಒಂಟಿತನವಿದೆ. ಅದರ ಹುಡುಗ ಗುರಿಯ ಹತ್ತಿರ ಬಂದು ಬೇಕೆಂದೇ ಸೋಲುತ್ತಾನೆ. ಕಥೆ ಅದ್ಭುತ. ಆದರೆ ನನ್ನ ನಾಲ್ಕನೆಯವರಿಗೆ ಅಂಥ ಸ್ವಾತಂತ್ರ್ಯವಿರಲಿಲ್ಲ.

1994ರಲ್ಲಿ ನಮ್ಮ ಬಾಲಕಿಯರ ತಂಡದ ನಾಲ್ಕನೆಯವಳು ಲೈನು ಮನೆಯ ಹುಡುಗಿ. ಬಯಲುಸೀಮೆಯಿಂದ ಬಂದ ಸಂಸಾರ. ಜಿಲ್ಲಾ ಸ್ಪರ್ಧೆಯ ಹೊತ್ತಿಗೆ ಹಣ್ಣು ಕುಯ್ಲು ಭರದಲ್ಲಿತ್ತು. ಕುಯ್ದ ತೂಕದ ಮೇಲೆ ಕೂಲಿಯಾದ್ದರಿಂದ ಮನೆಯವರಿಗೆ ಅವಳ ಎರಡು ಕೈ ದೊಡ್ಡ ಆಸರೆ. ಅವಳ ತಂದೆ ಕಣದ ಅಂಚಿನಲ್ಲಿ ನಿಂತು, “ಮೊದಲು ಬರೋಳಾದ್ರೆ ಕಳಿಸ್ತಿದ್ದೆ ಮೇಷ್ಟ್ರೇ. ಇವಳು ಹಿಂದೆ ಬರೋಳು, ಇವಳಿಂದ ಏನಾಗ್ಬೇಕು?” ಎಂದರು. ನಾನು ಕಾಫಿ ಹಣ್ಣುಗಳನ್ನೇ ನೆಲದ ಮೇಲೆ ಜೋಡಿಸಿ ಮೇಲೆ ಹೇಳಿದ ಲೆಕ್ಕವನ್ನು ಮಾಡಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಹಾಗಾದ್ರೆ ಒಂದು ದಿನ ಕರ್ಕೊಂಡ್ಹೋಗಿ” ಎಂದರು.

ಚಿಕ್ಕಮಗಳೂರಿನಲ್ಲಿ ಅವಳು ಕೊನೆಯ ಏರಿನಲ್ಲಿ ಮೂವರನ್ನು ಹಿಂದಿಕ್ಕಿ 26ನೆಯವಳಾದಳು. ಎರಡನೆಯ ಶಾಲೆಗಿಂತ ನಮ್ಮ ಮೊತ್ತ ಎರಡೇ ಕಡಿಮೆ. ಆ ಮೂವರು ಅವಳ ಮುಂದೆಯೇ ಉಳಿದಿದ್ದರೆ ನಾವು ಗೆಲ್ಲುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಮೊದಲ ಸ್ಥಾನದ ಹುಡುಗಿಯ ಹೆಸರು. ಅದು ಪತ್ರಿಕೆಯ ರೀತಿ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ: “ಸಾರ್, ಆ ಕಾಗದ ಕೊಡ್ತೀರಾ? ಅಪ್ಪನಿಗೆ ಕೂಡಿ ತೋರಿಸಬೇಕು.”

ಕುಯ್ಲು ಮುಗಿದ ಮೇಲೆ ಅವರು ಬೇರೆ ತೋಟಕ್ಕೆ ಹೋದರು. ಅವಳ ವರ್ಗಾವಣೆ ಪತ್ರವನ್ನು ತಂದೆಯೇ ಬಂದು ಒಯ್ದರು. ಮುಂದಿನ ವರ್ಷಕ್ಕೆ ಎಂಟನೆಯ ತರಗತಿಯಿಂದ ಇನ್ನೊಬ್ಬಳನ್ನು ಆರಿಸಿಕೊಂಡೆ. ಅವಳ ಮನೆ ಶಾಲೆಯಿಂದ ಮೂರು ಮೈಲಿ, ನಡುವೆ ಎರಡು ಹಳ್ಳ.