ಗಾಡಿಯವನೂ ಗುಮಾಸ್ತನೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಹೆಸರನ್ನು ಹೇಳಿದೊಡನೆ ಬಲ್ಲವರಿಗೆ ಮೊದಲು ನೆನಪಾಗುವುದು ಕಲ್ಲು. ನಮ್ಮ ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರ್ಶಿಯು ಈ ಸೀಮೆಯ ಭೂಗರ್ಭದಿಂದ ಬಂದುದು. ಭೂಶಾಸ್ತ್ರಜ್ಞರು ಭೀಮಾ ಶಿಲಾವರ್ಗವೆಂದು ಕರೆಯುವ ಇಲ್ಲಿಯ ಸುಣ್ಣಕಲ್ಲೇ ಸಿಮೆಂಟಿಗೂ ಮೂಲದ್ರವ್ಯವು. ನಿಜಾಮರ ಆಳಿಕೆಯ ಕಾಲದಲ್ಲಿ ಶಹಾಬಾದಿನಲ್ಲಿ ಆರಂಭವಾದ ಸಿಮೆಂಟಿನ ಉದ್ಯಮವು 1968 ರಲ್ಲಿ ವಾಡಿಗೂ, 1980 ರ ದಶಕದಲ್ಲಿ ಸೇಡಂ, ಮಳಖೇಡಗಳಿಗೂ, ಈಚಿನ ವರ್ಷಗಳಲ್ಲಿ ಚಿತ್ತಾಪುರ, ಚಿಂಚೋಳಿಗಳ ಸೀಮೆಗೂ ಹಬ್ಬಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆರೆಯಲ್ಲಿ ಇಂದು ಹಗಲಿರುಳೂ ಹೊಗೆಗೊಳವೆಗಳು ಕಾಣಿಸುವುವು. ರಸ್ತೆಯ ಇಕ್ಕೆಲಗಳಲ್ಲಿಯೂ ಲಾರಿಗಳ ಸಾಲು ನಿಂತಿರುವುದು.

ಒಂದು ಸಿಮೆಂಟಿನ ಚೀಲವು ಗೃಹಸ್ಥನ ಅಂಗಳಕ್ಕೆ ಬಂದಿಳಿಯುವುದರೊಳಗೆ ಅದರ ನಿಮಿತ್ತವಾಗಿ ಇಬ್ಬರು ಮನುಷ್ಯರ ನಡುವೆ ಎಷ್ಟು ಕಲಹವಾಗಿರುತ್ತದೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಒಬ್ಬನು ಲಾರಿಯ ಚಾಲಕನು; ಮತ್ತೊಬ್ಬನು ಕಾರಖಾನೆಯ ಸರಕು ರವಾನೆಯ ಕಚೇರಿಯಲ್ಲಿ ಕಿಟಕಿಯ ಹಿಂದೆ ಕುಳಿತ ಗುಮಾಸ್ತನು. ನಾನೂ ಯೋಚಿಸಿದವನಲ್ಲ. ಕಳೆದ ವೈಶಾಖದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು ಅರ್ಜಿಯೊಂದನ್ನು ಬರೆದುಕೊಡಬೇಕೆಂದು ಕೇಳಿದುದರಿಂದ ಈ ವಿಷಯವು ನನ್ನ ಗಮನಕ್ಕೆ ಬಂದಿತು. ಕಾರಖಾನೆ ಯಾವುದೆಂದು ಹೇಳುವ ಅವಶ್ಯಕತೆಯಿಲ್ಲ, ವಾಚಕರೂ ಊಹಿಸತಕ್ಕದ್ದಿಲ್ಲ.

ಅವನು ಹೇಳಿದ ವೃತ್ತಾಂತವಿಷ್ಟು. ಬೆಳಗಿನ ಐದು ಗಂಟೆಗೆ ಅವನು ಗಾಡಿಯನ್ನು ತಂದು ಕಾರಖಾನೆಯ ಬಾಗಿಲಲ್ಲಿ ನಿಲ್ಲಿಸಿದನು. ಖಾಲಿ ಗಾಡಿಯು ಕಾಟಾ ಹತ್ತಿದುದು ಏಳು ಗಂಟೆಗೆ. ಆಮೇಲೆ ಸರದಿಗಾಗಿ ಕಾದದ್ದೇ ಕಾದದ್ದು. ನೆರಳಿಲ್ಲ; ಕುಡಿಯುವ ನೀರು ಅರ್ಧ ಹರದಾರಿ ದೂರ; ಬಹಿರ್ದೆಸೆಗೆ ಜಾಗವಿಲ್ಲ. ಗಾಡಿಯನ್ನು ಬಿಟ್ಟು ಹೋದರೆ ಸರದಿ ತಪ್ಪುವ ಭಯ. ರಾತ್ರಿ ಒಂಬತ್ತಕ್ಕೆ 400 ಚೀಲ ತುಂಬಿ ಮತ್ತೆ ಕಾಟಾ ಹತ್ತಿಸಿದಾಗ ತೂಕವು ನೂರು ಕಿಲೋ ಕಡಿಮೆ ಬಂದಿತು. ಚೀಲ ಎಣಿಸಿ ಬಾ ಎಂದು ಗುಮಾಸ್ತನು ಕಿಟಕಿಯಿಂದಲೇ ಕಾಗದವನ್ನು ಹೊರಕ್ಕೆ ಎಸೆದನು. ಕಾಗದವು ನೆಲಕ್ಕೆ ಬಿದ್ದಿತು. ಇವನು ಕಿಟಕಿಗೆ ಗುದ್ದಿದನು, ಗಾಜು ಒಡೆಯಿತು. ಫಲವಾಗಿ ಹದಿನೈದು ದಿನ ಇವನಿಗೆ ಬಾಗಿಲು ಬಂದ್.

“ಸರ, ಗಾಡಿ ಓಡಿದ್ರ ನಮಗ ರೊಕ್ಕ, ನಿಂತ್ರ ಏನೂ ಇಲ್ಲ. ಹದಿನೈದ್ ದಿನ ಮಕ್ಕಳಿಗೆ ಏನ್ ಹಾಕಲಿ? ಅವ್ನ ನೌಕರಿ ಹೋಗ್ಬೇಕ್ರಿ, ಹಂಗ ಬರೀರಿ” ಎಂದನು.

ಬರೆಯಲು ಕುಳಿತೆನು. ಆದರೆ ಒಬ್ಬನ ಅನ್ನವನ್ನು ಕೀಳುವ ಕಾಗದವನ್ನು ಒಂದೇ ಪಕ್ಷದ ಮಾತನ್ನು ಕೇಳಿ ಬರೆಯಲು ಮನಸ್ಸು ಒಪ್ಪಲಿಲ್ಲ. ಆ ಗುಮಾಸ್ತನು ನಮ್ಮ ಓಣಿಯವರ ಬೀಗರ ಮಗನೆಂದು ತಿಳಿದು, ಮರುದಿನ ಅವನ ಮನೆಗೆ ಹೋದೆನು. ಮೂವತ್ತು ದಾಟದ ಯುವಕನು. ಹನ್ನೆರಡು ಗಂಟೆಯ ಪಾಳಿಯನ್ನು ಮುಗಿಸಿ ಬಂದಿದ್ದನು. ಅಂಗೈಗೆ ಪಟ್ಟಿ ಕಟ್ಟಿದ್ದಿತು. ಗಾಜು ತಗಲಿದ ಗಾಯವದು.

ಅವನು ಹೇಳಿದುದನ್ನೂ ಇಲ್ಲಿ ಬರೆಯುವುದು ನ್ಯಾಯ. ಅಂದು ಮಧ್ಯಾಹ್ನ ಚೀಲ ತುಂಬುವ ಯಂತ್ರವು ಕೆಟ್ಟು ಮೂರು ತಾಸು ನಿಂತಿತ್ತು. ತಿಂಗಳ ಕೊನೆಯಾದುದರಿಂದ ಎಂದಿಗಿಂತ ಹೆಚ್ಚು ಗಾಡಿಗಳು ಬಂದಿದ್ದವು. ಚೀಲಕ್ಕೆ 50 ಕಿಲೋದಂತೆ 400 ಚೀಲಕ್ಕೆ 20 ಟನ್ ಆಗಬೇಕು; ನೂರು ಕಿಲೋ ಕಡಿಮೆಯೆಂದರೆ ಎರಡು ಚೀಲವಾದರೂ ಲೆಕ್ಕ ತಪ್ಪಿದೆಯೆಂದು ಅರ್ಥ. ಹಿಂದೊಮ್ಮೆ ಚಾಲಕನ ಮಾತನ್ನು ನಂಬಿ ಗಾಡಿ ಬಿಟ್ಟಾಗ ಅಂಗಡಿಯಲ್ಲಿ ನಾಲ್ಕು ಚೀಲ ಕಡಿಮೆ ಇಳಿದು, ಅದರ ಬೆಲೆಯನ್ನು ಇವನ ಸಂಬಳದಲ್ಲಿ ಮುರಿದುಕೊಂಡಿದ್ದರಂತೆ. ಇವನೂ ಗುತ್ತಿಗೆಯ ನೌಕರನೇ.

ಇನ್ನು ಇ-ವೇ ಬಿಲ್ಲಿನ ತೊಡಕು. 50,000 ರೂಪಾಯಿಗೆ ಮೀರಿದ ಸರಕು ಸಾಗುವಾಗ ಈ ಪತ್ರವು ಜೊತೆಯಲ್ಲಿರಬೇಕೆಂಬ ನಿಯಮವು 2018 ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಸಾಧಾರಣ ಸರಕಿಗೆ ಅದರ ಆಯುಸ್ಸು 200 ಕಿಲೋಮೀಟರಿಗೆ ಒಂದು ದಿನದಂತೆ. 2021 ರ ಮೊದಲು 100 ಕಿಲೋಮೀಟರಿಗೆ ಒಂದು ದಿನವಿತ್ತು. ಗಾಡಿಯ ಸಂಖ್ಯೆಯನ್ನು ನಮೂದಿಸಿದ ಕ್ಷಣದಿಂದ ಆಯುಸ್ಸು ಆರಂಭವಾಗುವುದರಿಂದ, ತೂಕ ನಿಶ್ಚಯವಾಗುವ ಮೊದಲೇ ಪತ್ರ ಮಾಡಿದರೆ ಚಾಲಕನ ದಾರಿಯ ಹೊತ್ತು ಅಂಗಳದಲ್ಲಿಯೇ ಕರಗುವುದು. ತಪ್ಪು ತೂಕದ ಪತ್ರದೊಡನೆ ದಾರಿಯಲ್ಲಿ ಸಿಕ್ಕಿದರೆ ದಂಡದ ಮಾತು ಬರುವುದು. ಆದ ಕಾರಣ ಗುಮಾಸ್ತನು ಕಾಗದಕ್ಕೆ ತಡಮಾಡುವುದು ಎಲ್ಲ ಸಂದರ್ಭಗಳಲ್ಲಿಯೂ ದರ್ಪವಲ್ಲ. ಆದರೆ ಈ ಸಂಗತಿಯನ್ನು ಅವನು ಹೊರಗೆ ನಿಂತವನಿಗೆ ಎಂದೂ ಹೇಳಿರಲಿಲ್ಲ.

“ಕಿಟಕಿ ಹೊರಗ ನಿಂತೋರಿಗೆ ನಾನ ಮಾಲಕ ಅನಸ್ತದ್ರಿ ಮಾಸ್ತರ. ಒಳಗ ನನ್ನ ಮಾತು ಕೇಳೋರು ಯಾರೂ ಇಲ್ಲ” ಎಂದನು. ಕಾಗದವನ್ನು ಎಸೆದುದು ತಪ್ಪೆಂದು ನಾನು ಹೇಳಿದಾಗ ತಲೆ ತಗ್ಗಿಸಿದನು, ಅಲ್ಲವೆನ್ನಲಿಲ್ಲ.

ಸಾಂಖ್ಯರು ಪ್ರಕೃತಿಪುರುಷರ ಸಂಬಂಧವನ್ನು ತಿಳಿಸಲು ಕುರುಡ ಮತ್ತು ಕುಂಟನ ದೃಷ್ಟಾಂತವನ್ನು ಕೊಡುವರು. ಕಾಣಬಲ್ಲವನಿಗೆ ಕಾಲಿಲ್ಲ, ನಡೆಯಬಲ್ಲವನಿಗೆ ಕಣ್ಣಿಲ್ಲ. ಕೂಡಿದರೆ ಮಾತ್ರ ಊರು ಸೇರುವರು. ಇಲ್ಲಿಯೂ ಹಾಗೆಯೇ. ಯಂತ್ರ ನಿಂತದ್ದು, ಸರದಿ ಎಷ್ಟಿದೆ ಎಂಬುದು ಕುಳಿತವನಿಗೆ ಕಾಣಿಸುತ್ತದೆ. ಸರಕನ್ನು ಮುಟ್ಟಿಸತಕ್ಕವನಿಗೆ ಕಾಣಿಸುವುದಿಲ್ಲ. ಕಾಣದವನು ತನಗೆ ಮೋಸವಾಗುತ್ತಿದೆಯೆಂದೇ ತಿಳಿಯುವನು.

ಮೂಲವ್ಯಾಧಿಯಾದರೋ ಕಾಯುವಿಕೆಯು. ಅದಕ್ಕೆ ಬೆಲೆಯಿಲ್ಲ. 1961 ರ ಮೋಟಾರು ಸಾರಿಗೆ ಕೆಲಸಗಾರರ ಅಧಿನಿಯಮವು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ವಿಧಿಸಿದ್ದಿತು. ದೂರ ಪ್ರಯಾಣಕ್ಕೆ ಸ್ವಲ್ಪ ಸಡಿಲವಿತ್ತು. ಆದರೆ ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಕಾಲವು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದನ್ನು ದುಡಿಮೆಯ ವ್ಯಾಖ್ಯೆಯಲ್ಲಿ ಹೆಸರಿಸಿದ್ದಿತು. ಅದಕ್ಕೂ ದೀರ್ಘವಾದ ಕಾಯುವಿಕೆಯ ಮಾತನ್ನು ಆ ವ್ಯಾಖ್ಯೆಯು ಆಡಲಿಲ್ಲ. ಆ ಅಧಿನಿಯಮದ ಸ್ಥಾನಕ್ಕೆ 2025 ರ ನವೆಂಬರ್ 21 ರಂದು ಹೊಸ ಕಾರ್ಮಿಕ ಸಂಹಿತೆಯು ಬಂದಿದೆ. ಅದೇ ವರ್ಷದ ಅಕ್ಟೋಬರ್ 1 ರಿಂದ ತಯಾರಾಗುವ ಭಾರಿ ಲಾರಿಗಳ ಚಾಲಕನ ಕೋಣೆಗೆ ತಂಪುಯಂತ್ರವೂ ಕಡ್ಡಾಯವಾಗಿದೆ. ಹಳೆಯ ಗಾಡಿಗಳಿಗೆ ಅದು ಅನ್ವಯಿಸದು. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿ ಹದಿನಾರು ತಾಸು ಕುಳಿತು ಬೆಂದವನು, ಕಾಗದ ಕೈಗೆ ಬಂದೊಡನೆ ಅದೇ ರಾತ್ರಿ ಸೋಲಾಪುರದ ದಾರಿ ಹಿಡಿಯುವನು. ಅವನ ರೆಪ್ಪೆ ಒಂದು ಕ್ಷಣ ಮುಚ್ಚಿದರೆ ಎದುರಿಗೆ ಬರುವವರು ನಮ್ಮ ಮಕ್ಕಳೇ ಆಗಿರಬಹುದು.

ಸಂಜೆ ಶಿಷ್ಯನನ್ನು ಕರೆದು ಗುಮಾಸ್ತನ ಮಾತನ್ನೂ ಅಂಗೈಯ ಗಾಯವನ್ನೂ ತಿಳಿಸಿದೆನು. ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ, “ಗಾಜಿನ ರೊಕ್ಕ ನಾ ಕೊಡ್ತೀನಿ ಅಂತ ಬರೀರಿ ಸರ” ಎಂದನು.

ಅರ್ಜಿಯನ್ನು ಬರೆದೆನು, ಯಾರ ನೌಕರಿಯನ್ನೂ ಬೇಡಲಿಲ್ಲ. ನಾಲ್ಕು ಮಾತುಗಳನ್ನು ಬೇಡಿದೆನು. ಬಾಗಿಲ ಪುಸ್ತಕದಲ್ಲಿ ಬರೆಯುವ ಗಾಡಿ ಬಂದ ಹೊತ್ತನ್ನೂ ಸರದಿಯ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಚಾಲಕನಿಗೆ ಕೊಡಬೇಕು. ತಡವಾದಾಗ ಕಾರಣವನ್ನು ಫಲಕದ ಮೇಲೆ ಬರೆಯಬೇಕು. ನೀರು, ನೆರಳು, ಶೌಚಾಲಯಗಳ ವ್ಯವಸ್ಥೆಯಾಗಬೇಕು. ಯಾರಿಗೇ ಆಗಲಿ, ಅವರ ಮಾತನ್ನು ಕೇಳದೆ ಬಾಗಿಲು ಮುಚ್ಚಬಾರದು.

ಆರನೆಯ ದಿನ ಇವನಿಗೆ ಬಾಗಿಲು ತೆರೆಯಿತು. ನೀರಿನ ತೊಟ್ಟಿ ಬಂದಿತು, ಫಲಕವೂ ಬಂದಿತು. ನೆರಳಿನ ಚಪ್ಪರವು ಇನ್ನೂ ಬಂದಿಲ್ಲ. ಚೀಟಿಯನ್ನು ಕೆಲವು ದಿನ ಕೊಡುವರು, ಕೆಲವು ದಿನ ಮರೆಯುವರು. ಇಬ್ಬರೂ ಮಿತ್ರರಾದರೆಂದು ಹೇಳಿದರೆ ಸುಳ್ಳಾದೀತು. ಆದರೆ ಕಾಗದವನ್ನು ಈಗ ಕೈಗೆ ಕೊಡುತ್ತಾನೆಂದು ಶಿಷ್ಯನು ಹೇಳಿದನು.

ಗೃಹಸ್ಥರಾದ ನಮ್ಮದೂ ಇದರಲ್ಲಿ ಒಂದು ಪಾಲಿದೆ. ನಮ್ಮ ಮನೆಯ ಬಾಗಿಲೂ ಒಂದು ಬಾಗಿಲೇ. ಸಿಮೆಂಟು, ಇಟ್ಟಿಗೆ, ಅನಿಲದ ಸಿಲಿಂಡರು ಏನನ್ನೇ ತಂದವನು ತಡವಾಗಿ ಬಂದರೆ ಮೊದಲು ಗದರದೆ, ಒಂದು ತಂಬಿಗೆ ನೀರು ಕೊಟ್ಟು, “ಎಷ್ಟೊತ್ತಿಗೆ ಹೊರಟಿದ್ದಿಯಪ್ಪಾ?” ಎಂದು ಕೇಳೋಣ. ಅವನು ಎಲ್ಲೆಲ್ಲಿ ಎಷ್ಟು ಕಾದು ಬಂದನೆಂಬುದು ಆಗ ತಿಳಿದೀತು.