ನಿನ್ನೆಯ ನೀರು ಹಳಸುವುದಿಲ್ಲ

ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಮಳೆ ಅಲ್ಪ. ಭದ್ರಾ ಜಲಾಶಯವಿರುವ ತರೀಕೆರೆ ತಾಲ್ಲೂಕಿನಲ್ಲಿಯೂ ಎಲ್ಲ ಹಳ್ಳಿಗಳಿಗೆ ಅದರ ನೀರು ಎಟುಕುವುದಿಲ್ಲ. ಹೀಗಿದ್ದರೂ ಕೊಳಾಯಿಯಲ್ಲಿ ಹೊಸ ನೀರು ಬಂದೊಡನೆ ನಿನ್ನೆಯದನ್ನು ಚರಂಡಿಗೆ ಚೆಲ್ಲುವ ರೂಢಿ ಅನೇಕ ಮನೆಗಳಲ್ಲಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಒಬ್ಬರಿಗೆ ದಿನಕ್ಕೆ 55 ಲೀಟರ್ ನಿಗದಿಪಡಿಸಿದೆ. 15 ಲೀಟರಿನ 2 ಕೊಡ ಚೆಲ್ಲಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದಂತೆ. ಆ ಕೊಡಗಳನ್ನು ಹೊತ್ತವಳು ಗರ್ಭಿಣಿಯಾಗಿದ್ದರಂತೂ ನಷ್ಟ ನೀರಿನದಷ್ಟೇ ಅಲ್ಲ. ಪತಿಯಾದವನು ಇದನ್ನು ಗಮನಿಸಬೇಕು.

ಶುದ್ಧ ನೀರು ಒಂದೇ ರಾತ್ರಿಯಲ್ಲಿ ಕೆಡುವುದಿಲ್ಲ. ಅದನ್ನು ಕೆಡಿಸುವುದು ಅದ್ದಿದ ಕೈ, ಮುಚ್ಚದ ಪಾತ್ರೆ. ಮುಚ್ಚಳವಿಟ್ಟು, ಉದ್ದ ಹಿಡಿಯ ಸೌಟಿನಿಂದ ತೆಗೆದುಕೊಂಡರೆ ಮರುದಿನವೂ ಕುಡಿಯಲು ಯೋಗ್ಯ. ಶೌಚದ ನಂತರ ಕೈ ತೊಳೆಯುವ ನೀರಿನಲ್ಲಿ ಮಾತ್ರ ಉಳಿತಾಯ ಸಲ್ಲದು. ಬಳಕೆಯ ತೊಟ್ಟಿಯ ಅಂಚಿಗೆ ಡೆಂಗೀ ಸೊಳ್ಳೆಯ ಮೊಟ್ಟೆ ಅಂಟಿರುವುದರಿಂದ ಅದನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿರಿ. ಆ ನೀರನ್ನು ತೆಂಗಿನ ಬುಡಕ್ಕೆ ಹಾಕಿರಿ.